ಗೇಣುದ್ದದ ಎಂಜಿನ್ನಿಗೆ ‘ಆಲ್ಕೋ’ ಗಂಟಲು

ಡೀಸೆಲ್ ಸದ್ದು ಮರೆಯಾಗುತ್ತಿರುವ ಹಳಿಯ ಬದಿಯಲ್ಲಿ ಪುಟ್ಟ ರೈಲಿಗೆ ದನಿ ತುಂಬುವ ಹವ್ಯಾಸ

ಕುಂಬಳೆ: ಹಳಿ ಬದಿಯ ಮನೆಗಳಿಗೆ ರೈಲಿನ ಸದ್ದೇ ಒಂದು ಗಡಿಯಾರ. ‘ಗಾಡಿ ಹೋಯ್ತು, ಇನ್ನು ಅನ್ನಕ್ಕಿಡುವ’ ಎನ್ನುವ ಅಜ್ಜಿಯಂದಿರನ್ನು ಕುಂಬಳೆ, ಆರಿಕ್ಕಾಡಿ, ಮೊಗ್ರಾಲ್ ಕಡೆಯವರು ಕಂಡೇ ಇರುತ್ತಾರೆ. ಗಾಡಿ ಈಗಲೂ ಹೋಗುತ್ತದೆ. ಆದರೆ ಆ ಗಡಿಯಾರದ ದನಿ ಬದಲಾಗಿದೆ.

ಪಶ್ಚಿಮ ಕರಾವಳಿಯ ರೈಲು ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಆಮೇಲೆ ದಶಕಗಳ ಕಾಲ ಇಲ್ಲಿ ಕೇಳಿದ್ದು ಕಲ್ಲಿದ್ದಲ ಕರಿ ಎಂಜಿನ್ನಿನ ಏದುಸಿರು. ಅದು ಹೋಗಿ ಡೀಸೆಲ್ ಬಂತು. 2017ರ ಸುಮಾರಿಗೆ ಮಂಗಳೂರು ತನಕ ವಿದ್ಯುತ್ ತಂತಿ ಎಳೆದಾಯಿತು. ತಂತಿಯ ಕೆಳಗೆ ಓಡುವ ಎಂಜಿನ್ ‘ಝೂಂ’ ಎಂದು ಬಂದು ‘ಝೂಂ’ ಎಂದು ಹೋಗಿಬಿಡುತ್ತದೆ. 2024ರ ಮಾರ್ಚಿನಿಂದ ಮಂಗಳೂರು ತನಕ ಬರತೊಡಗಿದ ವಂದೇ ಭಾರತ್‌ಗಂತೂ ಎಂಜಿನ್ನೇ ಬೇರೆ ಇಲ್ಲ. ಹಾರ್ನ್ ಒಂದು ಉಳಿದಿದೆ. ದೂರದಿಂದಲೇ ನೆಲ ನಡುಗಿಸಿ, ಪಾತ್ರೆಯ ಕಪಾಟನ್ನು ಗಲಗಲ ಅನ್ನಿಸಿ ಬರುತ್ತಿದ್ದ ಆ ಗುಡುಗುಡು ಈಗ ಅಪರೂಪ.

ಹೌದು, ಫೋಟೋ ತೆಗೆದಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಸದ್ದು ತೆಗೆದಿಟ್ಟವರು ಕಡಿಮೆ. ಆ ಸದ್ದನ್ನು ಮೂರು ಸೆಂಟಿಮೀಟರ್ ಉದ್ದದ ಒಂದು ಚಿಪ್ಪಿನೊಳಗೆ ಕೂರಿಸಿ, ಮೇಜಿನ ಮೇಲೆ ಓಡುವ ಪುಟ್ಟ ರೈಲಿನ ಹೊಟ್ಟೆಗೆ ಸೇರಿಸುವ ಹವ್ಯಾಸವೊಂದು ಉಂಟು. ಮಾಡೆಲ್ ರೈಲಿನವರ ಭಾಷೆಯಲ್ಲಿ ಅದಕ್ಕೆ ‘ಸೌಂಡ್ ಡಿಕೋಡರ್’ ಹಾಕುವುದು ಎಂದು ಹೆಸರು. ಅಮೆರಿಕ, ಯುರೋಪಿನಲ್ಲಿ ಇದು ಮೂರು ದಶಕದ ಹಳೆಯ ಸಂಗತಿ. ನಮ್ಮವರ ಪಾಲಿಗೆ ಮಾತ್ರ ಇದರಲ್ಲೊಂದು ತಮಾಷೆಯ ತಿರುವು ಇದೆ. ಕುಂಬಳೆಯಲ್ಲಿ ಕೇಳಿಸುತ್ತಿದ್ದ ಡೀಸೆಲ್ ಎಂಜಿನ್ನಿನ ದನಿ ಅಮೆರಿಕದ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಆದರೆ ಹಾರ್ನ್ ಸಿಗುವುದಿಲ್ಲ!

ಆಟಿಕೆ ಅಲ್ಲ, ಅಳತೆಯ ಗಾಡಿ

ಜಾತ್ರೆ ಸಂತೆಯಲ್ಲಿ ಸಿಗುವ ಸೆಲ್ ಹಾಕಿದರೆ ಓಡುವ ರೈಲು ಬೇರೆ, ಮಾಡೆಲ್ ರೈಲು ಬೇರೆ. ಎರಡನೆಯದಕ್ಕೆ ಅಳತೆ ಮುಖ್ಯ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಎಂಬ ಅಳತೆ. ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಸುಮಾರು 17 ಮೀಟರ್ ಉದ್ದ. ಈ ಲೆಕ್ಕದಲ್ಲಿ ಅದು 20 ಸೆಂಟಿಮೀಟರ್ ಆಗುತ್ತದೆ, ಒಂದು ಗೇಣು ಎನ್ನಿ. 112 ಟನ್ನಿನ ಆ ದೈತ್ಯ ಅಂಗಿಯ ಪೆಟ್ಟಿಗೆಯಲ್ಲಿ ಕೂರುತ್ತದೆ.

ಹಳಿಯ ವಿಷಯದಲ್ಲಿ ಸಣ್ಣ ತಕರಾರು ಉಂಟು. ಎಚ್‌ಒ ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರ್ ದಾಟುತ್ತದೆ. ಅಷ್ಟಗಲದ ಹಳಿ ಬೇಕಾದರೆ ಕೈಯಲ್ಲೇ ಮಾಡಿಕೊಳ್ಳಬೇಕು. ಹೆಚ್ಚಿನವರು ಆ ಗೋಜಿಗೆ ಹೋಗದೆ, ಅಗಲದ ದೇಹವನ್ನು ಕಿರಿದಾದ ಹಳಿಯ ಮೇಲೆ ಓಡಿಸುತ್ತಾರೆ. ಕಣ್ಣಿಗೆ ಅಷ್ಟೇನೂ ಹೊಡೆಯುವುದಿಲ್ಲ. ಭಾರತದ ಎಂಜಿನ್ನುಗಳ ರೆಡಿಮೇಡ್ ಮಾದರಿ ವಿರಳ. ಹಾಗಾಗಿ ಅಮೆರಿಕದ ಆರು ಅಚ್ಚಿನ ಮಾದರಿಯೊಂದರ ಚೌಕಟ್ಟು, ಮೋಟಾರು ಇಟ್ಟುಕೊಂಡು ಮೇಲಿನ ದೇಹವನ್ನು ಪ್ಲಾಸ್ಟಿಕ್ ಹಾಳೆಯಲ್ಲೋ 3ಡಿ ಪ್ರಿಂಟರಿನಲ್ಲೋ ಮಾಡಿ ಕೂರಿಸುವುದು ರೂಢಿ.

ನಮ್ಮ ದೇಶದಲ್ಲೂ ಈ ಹುಚ್ಚು ಹೊಸತಲ್ಲ. ಪುಣೆಯಲ್ಲಿ 1998ರಿಂದ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ಇದೆ. ದೊಡ್ಡ ಗಾಡಿ ನೋಡಬೇಕೆಂದರೆ ನಮಗೆ ಹತ್ತಿರದ್ದು 1979ರಲ್ಲಿ ತೆರೆದ ಮೈಸೂರಿನ ರೈಲು ಮ್ಯೂಸಿಯಂ. ಎರಡೂ ಕಡೆ ಮಕ್ಕಳಿಗಿಂತ ಮೊದಲು ಅಪ್ಪಂದಿರು ಬಾಗಿ ನೋಡುವುದು ಬೇರೆ ಮಾತು.

ಸದ್ದಿಲ್ಲದ ಮಾಡೆಲ್ ರೈಲು ಹೇಗಿರುತ್ತದೆ? ಪಾರ್ತಿಸುಬ್ಬನ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಚೆಂಡೆ ಮದ್ದಳೆ ಇಲ್ಲದೆ, ಭಾಗವತರ ಪದ ಇಲ್ಲದೆ ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ. ಕಿರೀಟ ಸರಿ ಇದೆ, ಭುಜಕೀರ್ತಿ ಸರಿ ಇದೆ, ಆದರೆ ಆಟ ಏಳುವುದಿಲ್ಲ.

ಹಳಿಯಲ್ಲೇ ಹರಿಯುವ ಮಾತು

ಹಳೆಯ ಕಾಲದ ಮಾಡೆಲ್ ರೈಲಿನ ಕೆಲಸ ಸರಳ. ಹಳಿಗೆ 0ರಿಂದ 12 ವೋಲ್ಟ್ ಡಿಸಿ ಕರೆಂಟು. ವೋಲ್ಟ್ ಹೆಚ್ಚಿಸಿದರೆ ಓಟ ಹೆಚ್ಚು, ತಂತಿ ಅದಲು ಬದಲು ಮಾಡಿದರೆ ಹಿಂದಕ್ಕೆ. ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ನಿಲ್ಲಿಸಿದಾಗ ಕರೆಂಟೇ ಇಲ್ಲ, ಲೈಟೂ ಆರುತ್ತದೆ. ನಿಂತ ಎಂಜಿನ್ನಿನಿಂದ ಸದ್ದು ಬರಿಸುವುದು ಎಲ್ಲಿಂದ?

ಇದನ್ನು ಬದಲಿಸಿದ್ದು ‘ಡಿಸಿಸಿ’ ಎಂಬ ಡಿಜಿಟಲ್ ಪದ್ಧತಿ. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ್ದನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾಡೆಲ್ ರೈಲು ಸಂಘವು 1990ರ ದಶಕದಲ್ಲಿ ಎಲ್ಲ ಕಂಪನಿಗೂ ಒಂದೇ ನಿಯಮ ಮಾಡಿತು. ಇದರಲ್ಲಿ ಹಳಿಗೆ ಯಾವಾಗಲೂ 15 ವೋಲ್ಟ್ ಆಸುಪಾಸಿನ ಕರೆಂಟು ಇದ್ದೇ ಇರುತ್ತದೆ. ಆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಬದಲಿಸುವ ಗತಿಯಲ್ಲೇ ಸಂದೇಶ ಅಡಗಿದೆ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ 58 ಪಾಲಿಗೊಮ್ಮೆ ತಿರುಗಿದರೆ ಅದು ‘ಒಂದು’. 100 ಪಾಲಿನಷ್ಟು ತಡೆದು ತಿರುಗಿದರೆ ‘ಸೊನ್ನೆ’. ಗಿಡ್ಡ ಪೆಟ್ಟು, ಉದ್ದ ಪೆಟ್ಟು, ಅಷ್ಟೇ ಮಾರಾಯ್ರೆ. ಎಂಜಿನ್ನಿನ ಒಳಗಿರುವ ಡಿಕೋಡರ್ ಆ ತಾಳವನ್ನು ಓದುತ್ತದೆ. ತನ್ನ ನಂಬರ್ ಕೇಳಿದರೆ ಮಾತ್ರ ಆಜ್ಞೆ ಪಾಲಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಹೀಗೆ ಒಂದೇ ಹಳಿಯಲ್ಲಿ ಒಂದು ಎಂಜಿನ್ ನಿಂತು ಗುಡುಗುಡು ಎನ್ನುತ್ತಿರಬಹುದು, ಇನ್ನೊಂದು ಹಾರ್ನ್ ಹಾಕಿ ಹೊರಡಬಹುದು. ಸೌಂಡ್ ಡಿಕೋಡರಿನಲ್ಲಿ ಮೋಟಾರು, ಲೈಟಿನ ನಿಯಂತ್ರಣದ ಜೊತೆಗೆ ಮುದ್ರಿಸಿದ ಸದ್ದುಗಳ ನೆನಪು ಮತ್ತು ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅಮೆರಿಕದ ಸೌಂಡ್‌ಟ್ರಾಕ್ಸ್, ಜರ್ಮನಿಯ ಇಎಸ್‌ಯು, ಆಸ್ಟ್ರಿಯಾದ ಝಿಮೋ ಇದರಲ್ಲಿ ಹೆಸರಾದವು. ಬೆಲೆ ಮಾತ್ರ ಕೈ ಸುಡುವಂಥದು. ಒಳ್ಳೆಯದೊಂದಕ್ಕೆ 100 ಡಾಲರ್ ಆಚೀಚೆ ಬೇಕಾಗುತ್ತದೆ, ನಮ್ಮ ಲೆಕ್ಕದಲ್ಲಿ ಒಂದು ಒಳ್ಳೆಯ ಮೊಬೈಲಿನ ದುಡ್ಡು. ಗಲ್ಫಿನಿಂದಲೋ ಅಮೆರಿಕದಿಂದಲೋ ರಜೆಗೆ ಬರುವ ಮಗನಿಗೋ ಅಳಿಯನಿಗೋ ಮೊದಲೇ ಹೇಳಿಟ್ಟರೆ ಆದೀತು. ಬೆಂಕಿಪೆಟ್ಟಿಗೆಗಿಂತ ಸಣ್ಣ ಸಾಮಾನು, ಭಾರವೇನೂ ಇಲ್ಲ.

ಅಷ್ಟು ಖರ್ಚು ಬೇಡ ಎನ್ನುವ ಕಾಲೇಜು ಹುಡುಗರಿಗೆ ಇನ್ನೊಂದು ದಾರಿ ಉಂಟು. ಆರ್ಡುಯಿನೊ ಎಂಬ ಅಗ್ಗದ ಬೋರ್ಡು ಮತ್ತು ಒಂದು ಮೋಟಾರ್ ಶೀಲ್ಡ್ ಇಟ್ಟುಕೊಂಡು, ಉಚಿತವಾಗಿ ಸಿಗುವ ‘ಡಿಸಿಸಿ-ಇಎಕ್ಸ್’ ತಂತ್ರಾಂಶ ಹಾಕಿದರೆ ಹಳಿಗೆ ಸಂದೇಶ ಕಳಿಸುವ ಕಂಟ್ರೋಲರನ್ನು ಮನೆಯಲ್ಲೇ ಕಟ್ಟಬಹುದು. ಅಲ್ಲಿ ಉಳಿಸಿದ ದುಡ್ಡು ಡಿಕೋಡರಿಗೆ ಬರುತ್ತದೆ.

ಅಮೆರಿಕದ ಎಂಜಿನ್ನೇ ನಮ್ಮ ಎಂಜಿನ್

ಇನ್ನು ಆ ತಿರುವಿನ ಕಥೆ. ಡಬ್ಲ್ಯುಡಿಎಂ-2 ನಮ್ಮ ದೇಶದ ಮೂಲೆ ಮೂಲೆಯಲ್ಲಿ ಓಡಿದ ಡೀಸೆಲ್ ಎಂಜಿನ್. ಈರೋಡ್, ಎರ್ನಾಕುಳಂ ಶೆಡ್ಡಿನ ಇಂಥ ಎಂಜಿನ್ನುಗಳು ಮಂಗಳೂರಿನ ಗಾಡಿಗಳನ್ನು ಎಳೆದ ಕಾಲವನ್ನು ನಲವತ್ತು ದಾಟಿದವರು ಮರೆತಿರಲಾರರು. ಇದರ ಮೂಲ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿ 1962ರಲ್ಲಿ ಮೊದಲ ಕಂತನ್ನು ಕಟ್ಟಿ ಕಳಿಸಿತು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ನಾವೇ ಮಾಡತೊಡಗಿದೆವು. 1969ರಲ್ಲಿ ಆಲ್ಕೋ ಅಲ್ಲಿ ಬಾಗಿಲು ಮುಚ್ಚಿತು. ಇಲ್ಲಿ ಅದರ ಸಂತತಿ ಸಾವಿರಗಟ್ಟಲೆ ಬೆಳೆಯಿತು. ಮೊದಲ ಡಬ್ಲ್ಯುಡಿಎಂ-2, ನಂಬರ್ 18040, ಈಗ ದಿಲ್ಲಿಯ ರೈಲು ಮ್ಯೂಸಿಯಂನಲ್ಲಿ ವಿಶ್ರಾಂತಿಯಲ್ಲಿದೆ.

ಅದರ ಹೊಟ್ಟೆಯೊಳಗಿನ ಯಂತ್ರದ ಹೆಸರು ‘251’. 16 ಸಿಲಿಂಡರ್, 2600 ಅಶ್ವಶಕ್ತಿ. ಸ್ಟೇಷನ್ನಿನಲ್ಲಿ ನಿಂತು ತೂಕಡಿಸುವಾಗ ಅದು ಸಮಗತಿಯಲ್ಲಿ ಬಡಿಯುವುದಿಲ್ಲ. ಕುಂಟು ಕುದುರೆ ನಡೆದ ಹಾಗೆ ತಪ್ಪಿ ತಪ್ಪಿ, ‘ಗುಡು... ಗುಡುಗುಡು... ಗುಡು’. ಹೊರಡುವಾಗ ಕಪ್ಪು ಹೊಗೆ ಕಾರಿ, ಟರ್ಬೋದ ಸಿಳ್ಳೆ ಸೇರಿ ಏರುತ್ತದೆ. ಆಮೇಲೆ 1999ರಿಂದ ಬಂದ ಜನರಲ್ ಮೋಟಾರ್ಸ್ ವಿನ್ಯಾಸದ ಎಂಜಿನ್ನುಗಳದು ಎರಡು ಸ್ಟ್ರೋಕಿನ ಯಂತ್ರ. ಅದು ಒಂದೇ ಸಮನೆ ಗುಂಯ್‌ಗುಡುವ ದನಿ. ಕಣ್ಣು ಮುಚ್ಚಿದರೂ ವ್ಯತ್ಯಾಸ ತಿಳಿಯುತ್ತದೆ.

ಇದೇ 251 ಯಂತ್ರ ಅಮೆರಿಕದ ಆಲ್ಕೋ ಎಂಜಿನ್ನುಗಳಲ್ಲೂ ಇತ್ತಲ್ಲ? ಅಲ್ಲಿನ ಹವ್ಯಾಸಿಗಳಿಗಾಗಿ ಡಿಕೋಡರ್ ಕಂಪನಿಗಳು ಅದರ ದನಿಯನ್ನು ಎಂದೋ ಮುದ್ರಿಸಿ ಇಟ್ಟಿವೆ. ಪಟ್ಟಿಯಲ್ಲಿ ‘ಆಲ್ಕೋ 251’ ಎಂದು ಹುಡುಕಿದರೆ ಸಿಕ್ಕಿತು. ಅದನ್ನು ತಂದು ಗೇಣುದ್ದದ ಡಬ್ಲ್ಯುಡಿಎಂ-2ಗೆ ಹಾಕಿದರೆ ಹೃದಯದ ಬಡಿತ ಹೆಚ್ಚುಕಡಿಮೆ ಸರಿಹೊಂದುತ್ತದೆ. ಹಾರ್ನ್ ಒತ್ತಿದಾಗ ಮಾತ್ರ ಗುಟ್ಟು ರಟ್ಟು. ಅಮೆರಿಕದ ಎಂಜಿನ್ ಮೂರೋ ಐದೋ ಸ್ವರ ಒಟ್ಟಿಗೆ ಊದುತ್ತದೆ. ಜೊತೆಗೆ ಢಣಢಣ ಗಂಟೆ ಬೇರೆ. ಕುಂಬಳೆಯವರು ಕೇಳಿದ ಹಾರ್ನ್ ಅದಲ್ಲ. ಗಂಟೆಯನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಬಹುದು, ಹಾರ್ನನ್ನು ನಾವೇ ತರಬೇಕು.

ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಹಾಕುವ ಕೆಲಸ ಟಿವಿ, ಮೊಬೈಲ್ ರಿಪೇರಿಯವರ ಕೈಗೆ ಹೊಸತಲ್ಲ. ಇತ್ತೀಚಿನ ಮಾದರಿಗಳಲ್ಲಿ 8 ಅಥವಾ 21 ಪಿನ್ನಿನ ಸಾಕೆಟ್ ಇರುತ್ತದೆ. ಅದರಲ್ಲಿರುವ ಡಮ್ಮಿ ಪ್ಲಗ್ ಕಿತ್ತು ಡಿಕೋಡರ್ ಒತ್ತಿದರೆ ಆಯಿತು. ಹಳೆಯ ಎಂಜಿನ್ನಿಗೆ ವಯರ್ ಬೆಸುಗೆ ಹಾಕಬೇಕು. ಬಣ್ಣದ ಲೆಕ್ಕ ಎಲ್ಲ ಕಡೆ ಒಂದೇ. ಕೆಂಪು, ಕಪ್ಪು ವಯರ್ ಹಳಿಯಿಂದ ಕರೆಂಟು ತರುವುದು. ಕಿತ್ತಳೆ, ಬೂದು ಬಣ್ಣದ್ದು ಮೋಟಾರಿಗೆ. ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನದಕ್ಕೆ, ನೀಲಿ ಎರಡಕ್ಕೂ ಸೇರಿದ್ದು.

ಹೊಸಬರು ಎಡವುವುದು ಒಂದೇ ಜಾಗದಲ್ಲಿ. ಹಳೆಯ ಮಾದರಿಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರ ಲೋಹದ ಚೌಕಟ್ಟಿಗೆ ತಾಗಿರುತ್ತದೆ, ಚೌಕಟ್ಟು ಚಕ್ರದ ಮೂಲಕ ಹಳಿಗೆ. ಹಾಗೆಯೇ ಬಿಟ್ಟು ಡಿಕೋಡರ್ ಜೋಡಿಸಿ ಹಳಿಗಿಟ್ಟರೆ ಹತ್ತು ಸಾವಿರ ರೂಪಾಯಿ ಒಂದು ಎಳೆ ಹೊಗೆಯಾಗಿ ಹೋಗುತ್ತದೆ. ಮೋಟಾರಿನ ಎರಡೂ ತುದಿ ಹಳಿಗೂ ಚೌಕಟ್ಟಿಗೂ ತಾಗುತ್ತಿಲ್ಲ ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಂಡೇ ಮುಂದಿನ ಮಾತು. ಮೊದಲ ಪರೀಕ್ಷೆಯನ್ನೂ ‘ಪ್ರೋಗ್ರಾಮಿಂಗ್ ಹಳಿ’ಯ ಮೇಲೆ ಮಾಡಬೇಕು. ಅಲ್ಲಿ ಕರೆಂಟಿನ ಪ್ರಮಾಣಕ್ಕೆ ಮಿತಿ ಇರುವುದರಿಂದ ಜೋಡಣೆ ತಪ್ಪಿದ್ದರೂ ಸಾಮಾನ್ಯವಾಗಿ ಡಿಕೋಡರ್ ಬದುಕುತ್ತದೆ.

ಸ್ಪೀಕರಿನದು ಬೇರೆಯೇ ಶಾಸ್ತ್ರ. ಸಕ್ಕರೆ ತುಂಡಿನಷ್ಟು ಸಣ್ಣ ಸ್ಪೀಕರುಗಳು ಈಗ ಸಿಗುತ್ತವೆ. ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ಎರಡೂ ಸೇರಿದರೆ ಒಂದನ್ನೊಂದು ಕೊಂದುಹಾಕುತ್ತವೆ, ಕಿವಿಗೆ ಬರುವುದು ಸೊಳ್ಳೆಯ ರಾಗ. ಆದ್ದರಿಂದ ಹಿಂಭಾಗಕ್ಕೆ ಗಾಳಿಯಾಡದ ಪುಟ್ಟ ಡಬ್ಬಿ ಕಟ್ಟಿ ಅಂಚನ್ನು ಅಂಟಿನಿಂದ ಮುಚ್ಚಬೇಕು. ಈ ಒಂದು ಕೆಲಸ ಸರಿಯಾಗಿ ಮಾಡಿದರೆ ಸದ್ದು ಎರಡು ಪಾಲು ಆದ ಹಾಗೆ ಕೇಳುತ್ತದೆ. ಹಳೆಯ ಕೆಲವು ಡಿಕೋಡರಿಗೆ 100 ಓಮಿನ ಸ್ಪೀಕರ್ ಬೇಕು, ಈಗಿನವಕ್ಕೆ 4ರಿಂದ 8 ಓಮ್. ಹಳೆಯದಕ್ಕೆ ಹೊಸ ಸ್ಪೀಕರ್ ಹಾಕಿದರೆ ಆಂಪ್ಲಿಫೈಯರ್ ಸುಡುತ್ತದೆ. ನೆಲ ನಡುಗಿಸುವ ತಗ್ಗಿನ ಸ್ವರ ಇಷ್ಟು ಸಣ್ಣ ಪೊರೆಯಿಂದ ಬರಲಾರದು, ಅದನ್ನು ಕೇಳುವವರ ನೆನಪೇ ತುಂಬಿಕೊಳ್ಳಬೇಕು.

ಕೊನೆಗೆ ನಂಬರ್. ಹೊಸ ಡಿಕೋಡರ್ ಬರುವಾಗ ಎಲ್ಲದಕ್ಕೂ ನಂಬರ್ 3. ಅದನ್ನು ಬದಲಿಸಿ ಎಂಜಿನ್ನಿನ ನಿಜ ನಂಬರನ್ನೇ ಕೊಡುವುದು ಚಂದ. ಆದರೆ ನಮ್ಮ ಎಂಜಿನ್ನುಗಳದು ಐದಂಕಿ, ಡಿಸಿಸಿಯಲ್ಲಿ 10239ರಿಂದ ಮೇಲಕ್ಕೆ ದಾರಿ ಇಲ್ಲ. ಹಾಗಾಗಿ ಕೊನೆಯ ನಾಲ್ಕು ಅಂಕಿ ಕೊಟ್ಟು ಸುಧಾರಿಸಿಕೊಳ್ಳುವುದೇ ದಾರಿ. ಎಲ್ಲ ಎಡವಟ್ಟಾದರೆ 8ನೇ ಸೆಟ್ಟಿಂಗಿಗೆ 8 ಎಂದು ಬರೆದರೆ ಹೆಚ್ಚಿನ ಡಿಕೋಡರುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ವಾಲ್ಯೂಮ್ ಅರ್ಧಕ್ಕೆ ಇಳಿಸುವುದೂ ಒಳ್ಳೆಯದು. ಮಧ್ಯಾಹ್ನ ಮಲಗಿದ ಅಜ್ಜ ಎದ್ದು ಬಂದರೆ ರೈಲು ಅಟ್ಟಕ್ಕೆ ಹೋದೀತು!

ಕಡಲ ಗಾಳಿಯ ಕಾಟ

ಕಡಲು ಇಷ್ಟು ಹತ್ತಿರ ಇರುವ ಊರಲ್ಲಿ ಇನ್ನೊಂದು ಪೀಡೆ ಉಂಟು. ಉಪ್ಪುಗಾಳಿ, ಮಳೆಗಾಲದ ತೇವ. ಹಳಿ, ಚಕ್ರದ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಸದ್ದಿಲ್ಲದ ಗಾಡಿಗೆ ಕ್ಷಣ ಕರೆಂಟು ತಪ್ಪಿದರೆ ಒಂದು ಸಣ್ಣ ಮುಗ್ಗರಿಕೆ, ಅಷ್ಟೆ. ಸದ್ದಿನ ಗಾಡಿಗೆ ಹಾಗಲ್ಲ. ಡಿಕೋಡರ್ ಒಂದು ಸಣ್ಣ ಕಂಪ್ಯೂಟರ್ ಅಲ್ವಾ, ಕರೆಂಟು ಹೋಗಿ ಬಂದರೆ ಮೊದಲಿಂದ ಶುರು. ನಡು ದಾರಿಯಲ್ಲಿ ಎಂಜಿನ್ ಸತ್ತು, ಮತ್ತೆ ಸ್ಟಾರ್ಟ್ ಆಗುವ ಸದ್ದು ಮಾಡಿ, ಮತ್ತೆ ಸತ್ತು... ನೋಡುವವರಿಗೆ ನಗು, ಮಾಡಿದವನಿಗೆ ಅಳು. ಡಿಕೋಡರಿಗೆ ಒಂದು ಕೆಪಾಸಿಟರ್ ಕಟ್ಟಿದರೆ ಕ್ಷಣಕಾಲದ ಕಡಿತವನ್ನು ಅದು ತಡೆದುಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಹಳಿ ಒರೆಸಿ, ಜೂನ್‌ನಿಂದ ಮೂರು ತಿಂಗಳು ಎಂಜಿನ್ನನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡುವುದು ಇನ್ನೂ ಲೇಸು.

ಹಾರ್ನ್ ಎಲ್ಲಿಂದ ತರುವುದು?

ಇಎಸ್‌ಯು, ಝಿಮೋ ಡಿಕೋಡರುಗಳಿಗೆ ನಾವೇ ಮುದ್ರಿಸಿದ ಸದ್ದನ್ನು ಕಂಪ್ಯೂಟರಿನಿಂದ ತುಂಬಬಹುದು. ಸೌಂಡ್‌ಟ್ರಾಕ್ಸ್‌ನವರಲ್ಲಿ ಆ ಅವಕಾಶ ಇಲ್ಲ, ಕಂಪನಿ ಕೊಟ್ಟದ್ದೇ ಪ್ರಸಾದ. ಹಾಗಾಗಿ ಊರಿನ ಹಾರ್ನ್ ಬೇಕಾದವರು ಕೊಳ್ಳುವ ಮೊದಲೇ ಯೋಚಿಸಬೇಕು.

ಮುದ್ರಿಸುವುದು ಮೊಬೈಲ್ ಹಿಡಿದು ನಿಂತಷ್ಟು ಸುಲಭವಲ್ಲ. ಓಡುವ ಗಾಡಿಯ ಹಾರ್ನ್ ಬರುವಾಗ ಏರಿದ ದನಿ, ದಾಟಿದ ಮೇಲೆ ಇಳಿದ ದನಿ. ಗಂಟೆಗೆ 100 ಕಿಲೋಮೀಟರ್ ಓಟದಲ್ಲಿ ಈ ಇಳಿತ ಹಾರ್ಮೋನಿಯಂನ ಹತ್ತಿರ ಹತ್ತಿರ ಮೂರು ಮನೆಯಷ್ಟು. ಡಿಕೋಡರಿಗೆ ಬೇಕಾದ್ದು ಅಲುಗದ ಸ್ವರ. ಹಾರ್ನ್ ಶುರುವಾಗುವ ತುಣುಕು, ಎಷ್ಟು ಹೊತ್ತು ಒತ್ತಿದರೂ ಮರುಕಳಿಸಬಹುದಾದ ನಡುವಿನ ತುಣುಕು, ನಿಲ್ಲುವ ತುಣುಕು, ಹೀಗೆ ಮೂರು ಕತ್ತರಿಸಿ ಜೋಡಿಸಬೇಕು. ನಿಂತ ಗಾಡಿ ಹೊರಡುವ ಮುನ್ನ ಊದುವ ಹಾರ್ನ್ ಇದಕ್ಕೆ ಒಳ್ಳೆಯದು. ಎಂಜಿನ್ನಿನದನ್ನೂ ಊರಿನದೇ ಮಾಡಬೇಕೆಂಬ ಹಟ ಇದ್ದರೆ ಕೆಲಸ ದೊಡ್ಡದು. ಸ್ಟಾರ್ಟ್ ಆಗುವುದು, ತೂಕಡಿಸುವುದು, ಡ್ರೈವರನ ಹಿಡಿಯ ಎಂಟು ಹಂತಗಳು, ಬ್ರೇಕಿನ ಕಿರುಗುಟ್ಟು, ಗಾಳಿ ಬಿಡುವ ‘ಪುಸ್ಸ್’, ಎಲ್ಲವೂ ಬೇರೆ ಬೇರೆ ಬೇಕು. ಶೆಡ್ಡಿನೊಳಗೆ, ರೈಲ್ವೆಯ ಅನುಮತಿ ಪಡೆದೇ ಅದು ಆಗಬೇಕಾದ ಕೆಲಸ. ಆಲ್ಕೋ ವಿನ್ಯಾಸದ ಎಂಜಿನ್ನುಗಳು ವರ್ಷದಿಂದ ವರ್ಷಕ್ಕೆ ಗುಜರಿ ಸೇರುತ್ತಿರುವುದರಿಂದ ಹೆಚ್ಚು ಸಮಯವಂತೂ ಇಲ್ಲ.

ಹಾಗೆಂದು ಮೈಕ್ ಹಿಡಿದು ಹಳಿ ಬದಿಗೆ ಓಡುವುದು ಬೇಡ. 1989ರ ರೈಲ್ವೆ ಕಾಯ್ದೆಯಂತೆ ಹಳಿಗೆ ಅಕ್ರಮವಾಗಿ ಇಳಿಯುವುದು ಅಪರಾಧ, ಜೀವಕ್ಕೂ ಅಪಾಯ. ಹಳಿಗೆ ತಾಗಿ ಜಾಗ ಇರುವವರಿಗೆ ಅದರ ಅಗತ್ಯವೂ ಇಲ್ಲ. ಅಂಗಳದಲ್ಲೇ ಕೂತು, ಮೈಕಿಗೆ ಗಾಳಿ ಬಡಿಯದ ಹಾಗೆ ಸ್ಪಂಜು ಸುತ್ತಿ, ಕಾಗೆಗಳು ಏಳುವ ಮೊದಲು ಮುದ್ರಿಸಿದರೆ ಸಾಕು. ಶಿರಿಯ ಹೊಳೆಯ ಸೇತುವೆ ದಾಟುವಾಗ ಗಾಡಿಯ ಸದ್ದು ಟೊಳ್ಳಾಗಿ ಅರಳುತ್ತದಲ್ಲ, ದೂರದಿಂದ ಹಿಡಿದಷ್ಟೂ ಅದು ಚಂದ. ಡಿಕೋಡರಿನಲ್ಲಿ ಹಾರ್ನಿಗೊಂದು ಗುಂಡಿ ಇರುವ ಹಾಗೆ ಸೇತುವೆಗೂ ಒಂದು ಗುಂಡಿ ಕೊಡಬಹುದು.

ಸ್ಟೇಷನ್ನಿನ ಮಾತು ಕನ್ನಡದಲ್ಲಿ

ಕೆಲವರು ಪ್ಲಾಟ್‌ಫಾರ್ಮಿನ ಘೋಷಣೆಯನ್ನೂ ಎಂಜಿನ್ನಿನೊಳಗೇ ತುಂಬುತ್ತಾರೆ. ಅದು ಅಷ್ಟು ಸರಿ ಕಾಣುವುದಿಲ್ಲ. ‘ಗಾಡಿ ಬರುತ್ತಿದೆ’ ಎಂಬ ಮಾತು ಗಾಡಿಯ ಹೊಟ್ಟೆಯಿಂದಲೇ ಬಂದರೆ ಹೇಗೆ? ರಟ್ಟಿನ ಸ್ಟೇಷನ್ ಕಟ್ಟಡದ ಒಳಗೆ ಮೂಲೆಗೆ ಬಿದ್ದ ಹಳೆಯ ಮೊಬೈಲನ್ನು ಇಟ್ಟರೆ ಮಾತು ನಿಂತ ಜಾಗದಿಂದ ಬರುತ್ತದೆ, ಎಂಜಿನ್ ಮಾತ್ರ ಓಡುತ್ತದೆ. ಘೋಷಣೆಯನ್ನು ಯಾವ ಭಾಷೆಯಲ್ಲಿ ಮಾಡುವುದೆಂದು ಇಲ್ಲಿ ಕೇಳುವವರಿಲ್ಲ. ಮನೆಯ ಹುಡುಗಿಯೇ ಓದಲಿ: ಪ್ರಯಾಣಿಕರ ಗಮನಕ್ಕೆ, ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಹುಟ್ಟಿದ ಮೊಮ್ಮಕ್ಕಳಿಗೆ ನಿಲ್ದಾಣಗಳ ಸಾಲು ಬಾಯಿಪಾಠ ಆಗಲು ಇದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ.

ಜಾಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಎಚ್‌ಒ ಅಳತೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಹನ್ನೊಂದೂವರೆ ಮೀಟರ್. 22 ಬೋಗಿಯ ಗಾಡಿ ಐದು ಮೀಟರ್ ದಾಟುತ್ತದೆ, ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ. ಎಂಜಿನ್ ಮತ್ತು ನಾಲ್ಕು ಬೋಗಿ ಸಾಕು.

ಬೋರ್ಡು ಬರೆಯುವವರಿಗೆ ಮಾತ್ರ ಕುಂಬಳೆ ಒಂದು ಅನುಕೂಲ ಮಾಡಿಕೊಟ್ಟಿದೆ. ಒಂದಡಿ ಎತ್ತರದ ಅಕ್ಷರ ಇಲ್ಲಿ ಮೂರೂವರೆ ಮಿಲಿಮೀಟರ್ ಆಗುತ್ತದೆ. ಉಳ್ಳಾಲ, ಉಪ್ಪಳ, ಮಂಜೇಶ್ವರಕ್ಕೆ ಒತ್ತಕ್ಷರ ಉಂಟು, ಅಷ್ಟು ಸಣ್ಣದರಲ್ಲಿ ಅದು ಚುಕ್ಕೆಯಾಗಿ ಕರಗಿಬಿಡುತ್ತದೆ. ಕುಂಬಳೆಗೆ ಆ ತೊಂದರೆ ಇಲ್ಲ. ಸಪೂರ ಬ್ರಷ್ ಮತ್ತು ನಡುಗದ ಕೈ ಇದ್ದರೆ ಹಳದಿ ಬೋರ್ಡಿನ ಮೇಲೆ ಮೂರೇ ಅಕ್ಷರ.